ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದೇಕೆ? ತಡೆಯುವುದು ಹೇಗೆ?

ಟ್ರ್ಯಾಕ್ಟರು, ಪವರ್ ಟಿಲ್ಲರು, ಒಕ್ಕಣೆ ಯಂತ್ರ, ಡೀಸೆಲ್ ಪಂಪು ಮುಂತಾದವು ಇಂದು ಒಕ್ಕಲುತನದ ಅಂಗಗಳೇ ಆಗಿವೆ. ಸುಗ್ಗಿಯ ಕಾಲದಲ್ಲಿ ಇವು ಒಂದು ದಿನ ನಿಂತರೂ ಆಳುಗಳ ಕೂಲಿ, ಬಾಡಿಗೆ ಗಾಡಿಯ ಹಣ, ಕಣದಲ್ಲಿ ಬಿದ್ದ ಫಸಲು ಎಲ್ಲಕ್ಕೂ ಕುತ್ತು ಬರುತ್ತದೆ. ಹಿಂದಿನ ಸಂಜೆ ಚೆನ್ನಾಗಿ ನಡೆದ ಎಂಜಿನ್ನು ಚಳಿಗಾಲದ ಮುಂಜಾನೆ ಹೊರಟು, ಐದು ನಿಮಿಷ ಓಡಿ, ಶಕ್ತಿ ಕುಂದಿ ನಿಂತುಬಿಟ್ಟರೆ ಅನೇಕರು ಪಂಪಿನ ಅಥವಾ ನಾಜಲ್ಲಿನ ದೋಷವೆಂದು ಬಿಚ್ಚಿಸುತ್ತಾರೆ. ಎಷ್ಟೋ ಸಂದರ್ಭಗಳಲ್ಲಿ ದೋಷವಿರುವುದು ಯಂತ್ರದಲ್ಲಲ್ಲ, ಅದು ಕುಡಿಯುವ ಎಣ್ಣೆಯಲ್ಲಿ. ಚಳಿಗೆ ಡೀಸೆಲ್ ಏನಾಗುತ್ತದೆ, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಡೀಸೆಲಿನಲ್ಲಿ ಅಡಗಿರುವ ಮೇಣ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಡೀಸೆಲಿನಲ್ಲಿಯೂ ಇದೇ ಬಗೆಯ ಕ್ರಿಯೆ ನಡೆಯುತ್ತದೆ. ಡೀಸೆಲ್ ಒಂದೇ ವಸ್ತುವಲ್ಲ. ನೂರಾರು ಬಗೆಯ ಹೈಡ್ರೋಕಾರ್ಬನ್ನುಗಳ ಮಿಶ್ರಣ. ಇವುಗಳಲ್ಲಿ ನೇರ ಸರಪಳಿಯ ಪ್ಯಾರಾಫಿನ್ ಎಂಬ ಗುಂಪು ಇದೆ. ಮೇಣದಬತ್ತಿಯ ಮೇಣವೂ ಇದೇ ಕುಲಕ್ಕೆ ಸೇರಿದುದು. ಬೆಚ್ಚಗಿರುವಾಗ ಈ ಮೇಣ ನೀರಿನಲ್ಲಿ ಸಕ್ಕರೆ ಕರಗಿದಂತೆ ಡೀಸೆಲಿನಲ್ಲಿ ಕಾಣದಂತೆ ಕರಗಿರುತ್ತದೆ. ತಣ್ಣಗಾದಂತೆಲ್ಲ ಹರಳುಗಟ್ಟಿ ಹೊರಬೀಳುತ್ತದೆ.

ಹಾಗಾದರೆ ಮೇಣವನ್ನು ಪೂರ್ತಿ ತೆಗೆದುಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಇದೇ ಪ್ಯಾರಾಫಿನ್ನುಗಳು ಎಂಜಿನ್ನಿನ ಒತ್ತಡದಲ್ಲಿ ಬೇಗನೆ ಹೊತ್ತಿಕೊಳ್ಳುವ ಗುಣವನ್ನು ಡೀಸೆಲಿಗೆ ಕೊಡುತ್ತವೆ. ಮೇಣ ತೆಗೆದಷ್ಟೂ ಖರ್ಚು ಹೆಚ್ಚುತ್ತದೆ, ಒಂದು ಟನ್ ಕಚ್ಚಾತೈಲದಿಂದ ಸಿಗುವ ಡೀಸೆಲ್ ಕಡಿಮೆಯಾಗುತ್ತದೆ. ಆದುದರಿಂದ ಆಯಾ ಪ್ರದೇಶದ ಚಳಿಗೆ ತಕ್ಕಷ್ಟು ಮಾತ್ರ ಮೇಣವನ್ನು ಹದಗೊಳಿಸಿ ಮಾರಾಟ ಮಾಡುವುದು ಎಲ್ಲ ದೇಶಗಳ ಪದ್ಧತಿ.

ಹೆಪ್ಪುಗಟ್ಟುವ ಮೂರು ಹಂತಗಳು

ಡೀಸೆಲ್ ಒಮ್ಮೆಲೇ ಮಂಜುಗಡ್ಡೆಯಂತೆ ಗಟ್ಟಿಯಾಗುವುದಿಲ್ಲ. ಮೂರು ಹಂತಗಳಲ್ಲಿ ಬದಲಾಗುತ್ತದೆ.

ಮೊದಲನೆಯದು ಮಸುಕಾಗುವ ಹಂತ. ತಿಳಿಯಾಗಿದ್ದ ಡೀಸೆಲಿನಲ್ಲಿ ಕಣ್ಣಿಗೆ ಕಾಣುವಷ್ಟು ಮೇಣದ ಹರಳುಗಳು ಮೂಡಿ ಮಬ್ಬು ಕವಿಯುತ್ತದೆ. ತೈಲ ಕಂಪನಿಗಳ ಪತ್ರಗಳಲ್ಲಿ ಇದನ್ನು ಕ್ಲೌಡ್ ಪಾಯಿಂಟ್ ಎಂದು ನಮೂದಿಸಿರುತ್ತಾರೆ.

ಎರಡನೆಯದು ಫಿಲ್ಟರು ಕಟ್ಟುವ ಹಂತ. ರೈತನಿಗೆ ಮುಖ್ಯವಾದುದು ಇದೇ. ಪ್ರಯೋಗಾಲಯದಲ್ಲಿ ಡೀಸೆಲನ್ನು ತಣ್ಣಗಾಗಿಸುತ್ತಾ 45 ಮೈಕ್ರಾನ್ ಕಣ್ಣಿನ ತಂತಿಬಲೆಯ ಮೂಲಕ ಎಳೆಯುತ್ತಾರೆ. 20 ಮಿಲಿಲೀಟರ್ ಡೀಸೆಲ್ 60 ಸೆಕೆಂಡಿನೊಳಗೆ ಬಲೆ ದಾಟದೆ ನಿಲ್ಲುವ ಉಷ್ಣತೆಯೇ ಈ ಹಂತ. ಟ್ರ್ಯಾಕ್ಟರಿನ ಸೂಕ್ಷ್ಮ ಫಿಲ್ಟರಿನ ರಂಧ್ರಗಳು ಈ ಬಲೆಯ ಕಣ್ಣಿಗಿಂತಲೂ ಬಹಳ ಸಣ್ಣವು ಎಂಬುದನ್ನು ನೆನಪಿಡಬೇಕು.

ಮೂರನೆಯದು ಹರಿವು ನಿಲ್ಲುವ ಹಂತ. ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ, ಉಳಿದ ಎಣ್ಣೆಯನ್ನು ತಮ್ಮೊಳಗೆ ಹಿಡಿದಿಡುತ್ತವೆ. ಡೀಸೆಲ್ ಗಂಜಿಯಂತಾಗಿ ಪಾತ್ರೆ ವಾಲಿಸಿದರೂ ಹರಿಯುವುದಿಲ್ಲ. ಪೋರ್ ಪಾಯಿಂಟ್ ಎನ್ನುವುದು ಇದರ ಸಮೀಪದ ಉಷ್ಣತೆ.

ಇದರಿಂದ ತಿಳಿಯಬೇಕಾದುದೇನೆಂದರೆ, ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ಹರಿಯುತ್ತಿರುವಾಗಲೇ ಎಂಜಿನ್ನು ನಿಲ್ಲಬಹುದು. ನಳಿಗೆ ಮತ್ತು ಪಂಪಿನಲ್ಲಿದ್ದ ಎಣ್ಣೆಯಿಂದ ಎಂಜಿನ್ನು ಹೊರಡುತ್ತದೆ. ಅಷ್ಟರಲ್ಲಿ ಮೇಣದ ಹರಳುಗಳು ಫಿಲ್ಟರಿನ ಮೇಲೆ ಪದರ ಕಟ್ಟುತ್ತವೆ. ಎಣ್ಣೆ ಸಾಲದೆ ಎಂಜಿನ್ನು ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಮೇಣ ಕರಗಿ ಏನೂ ಆಗದಂತೆ ನಡೆಯುವುದೂ ಉಂಟು.

ಲಡಾಖಿನ ಅನುಭವ

ನಮ್ಮ ದೇಶದಲ್ಲಿ ಈ ತೊಂದರೆ ಅತ್ಯಂತ ತೀವ್ರವಾಗಿರುವುದು ಲಡಾಖ್ ಮತ್ತು ಹಿಮಾಚಲ ಪ್ರದೇಶದ ಲಾಹೌಲ್, ಸ್ಪಿತಿ ಕಣಿವೆಗಳಲ್ಲಿ. ಲಡಾಖಿನ ಎತ್ತರದ ಊರುಗಳಲ್ಲಿ ಚಳಿಗಾಲದ ಉಷ್ಣತೆ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುತ್ತದೆ. ಅಂಥ ಚಳಿಯಲ್ಲಿ ಬಯಲುಸೀಮೆಗಾಗಿ ತಯಾರಿಸಿದ ಡೀಸೆಲ್ ಟ್ಯಾಂಕಿನಲ್ಲೇ ಹೆಪ್ಪುಗಟ್ಟುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಿಡಿದು ಕಾಯಿಸುವುದು, ರಾತ್ರಿಯಿಡೀ ಎಂಜಿನ್ನನ್ನು ನಿಲ್ಲಿಸದೆ ಬಿಡುವುದು ಇಂಥ ಪ್ರದೇಶಗಳಲ್ಲಿ ಚಾಲಕರು ಕಂಡುಕೊಂಡ ಉಪಾಯಗಳು. ಮೊದಲನೆಯದು ಅಪಾಯಕರ, ಎರಡನೆಯದು ದುಬಾರಿ.

ಈ ಪ್ರದೇಶಗಳಿಗಾಗಿ ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ಚಳಿಗಾಲದ ವಿಶೇಷ ಡೀಸೆಲನ್ನು ಬಿಡುಗಡೆ ಮಾಡಿತು. ಪಾಣಿಪತ್ ಶುದ್ಧೀಕರಣ ಘಟಕದಲ್ಲಿ ತಯಾರಾದ ಈ ಡೀಸೆಲಿನ ಪೋರ್ ಪಾಯಿಂಟ್ ಮೈನಸ್ 33 ಡಿಗ್ರಿ. ಅಂದರೆ ಸಮಸ್ಯೆಗೆ ನಿಜವಾದ ಪರಿಹಾರ ಟ್ಯಾಂಕಿನ ಕೆಳಗಿನ ಬೆಂಕಿಯಲ್ಲ, ಋತುವಿಗೆ ತಕ್ಕ ಎಣ್ಣೆ.

ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳ ರೈತರೂ ಇದನ್ನೇ ಅನುಸರಿಸುತ್ತಾರೆ. ಅಲ್ಲಿ ಬೇಸಿಗೆಗೆ ಒಂದು ಬಗೆಯ, ಚಳಿಗಾಲಕ್ಕೆ ಮೇಣ ಕಡಿಮೆಯಿರುವ ಇನ್ನೊಂದು ಬಗೆಯ ಡೀಸೆಲ್ ದೊರೆಯುತ್ತದೆ. ಚಳಿ ಏರಿದಂತೆ ಎರಡನ್ನೂ ಬೆರೆಸುವ ಪ್ರಮಾಣವನ್ನು ಬದಲಿಸುತ್ತಾರೆ. ರಾತ್ರಿ ಎಂಜಿನ್ನನ್ನು ಬೆಚ್ಚಗಿಡಲು ವಿದ್ಯುತ್ ಹೀಟರನ್ನೂ ಜೋಡಿಸಿರುತ್ತಾರೆ.

ಹರಿವನ್ನು ಸುಧಾರಿಸುವ ಸೇರ್ಪಡೆ ದ್ರವ್ಯಗಳೂ ಉಂಟು. ಇವು ಮೇಣವನ್ನು ತೆಗೆಯುವುದಿಲ್ಲ. ಹರಳುಗಳು ದೊಡ್ಡದಾಗಿ ಬೆಳೆದು ಹೆಣೆದುಕೊಳ್ಳದಂತೆ ತಡೆದು, ಸಣ್ಣದಾಗಿಯೇ ಉಳಿಸುತ್ತವೆ. ಆದುದರಿಂದ ಡೀಸೆಲ್ ತಿಳಿಯಾಗಿ ಬೆಚ್ಚಗಿರುವಾಗಲೇ ಬೆರೆಸಬೇಕು. ಹೆಪ್ಪುಗಟ್ಟಿದ ಮೇಲೆ ಸುರಿದರೆ ಹಣ ಪೋಲು.

ನಮ್ಮ ರಾಜ್ಯಕ್ಕೆ ಇದರ ಸಂಬಂಧ

ಕರ್ನಾಟಕದಲ್ಲಿ ಡೀಸೆಲ್ ಗಂಜಿಯಾಗುವಷ್ಟು ಚಳಿ ಇಲ್ಲ. ಆದರೆ ಮೊದಲೆರಡು ಹಂತಗಳು ಶೂನ್ಯ ಡಿಗ್ರಿಗಿಂತ ಎಷ್ಟೋ ಮೇಲೆಯೇ ಬರಬಹುದು ಎಂಬುದನ್ನು ಮರೆಯಬಾರದು. ಭಾರತೀಯ ಮಾನಕ ಐಎಸ್ 1460ರ ಪ್ರಕಾರ ಡೀಸೆಲಿನ ಫಿಲ್ಟರು ಕಟ್ಟುವ ಹಂತ ಚಳಿಗಾಲದ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ, 6 ಡಿಗ್ರಿಯನ್ನು ಮೀರಬಾರದು. ಉಳಿದ ತಿಂಗಳುಗಳಲ್ಲಿ 18 ಡಿಗ್ರಿಯನ್ನು ಮೀರಬಾರದು. ಇವು ಮೀರಬಾರದ ಮಿತಿಗಳು ಮಾತ್ರ. ಮಾರುವ ಎಣ್ಣೆಯೆಲ್ಲ ಅಷ್ಟರಲ್ಲೇ ಕಟ್ಟುತ್ತದೆಂದು ಇದರ ಅರ್ಥವಲ್ಲ.

ಬೀದರ, ವಿಜಯಪುರ ಮುಂತಾದ ಉತ್ತರ ಒಳನಾಡಿನ ಜಿಲ್ಲೆಗಳಲ್ಲಿ ಡಿಸೆಂಬರ್, ಜನವರಿಯ ಕೆಲವು ಮುಂಜಾನೆಗಳು 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ತೊಗರಿಯ ಒಕ್ಕಣೆ, ಕಬ್ಬಿನ ಸಾಗಣೆ ಭರದಿಂದ ನಡೆಯುವುದೂ ಆಗಲೇ. ಚಳಿಗಾಲದಲ್ಲಿ ಕೊಂಡ ಡೀಸೆಲ್ ಇಷ್ಟು ಚಳಿಯನ್ನು ತಡೆಯುತ್ತದೆ. ಆದರೆ ಏಪ್ರಿಲಿನಲ್ಲಿಯೋ ಆಗಸ್ಟಿನಲ್ಲಿಯೋ ಡ್ರಮ್ಮಿನಲ್ಲಿ ತುಂಬಿಟ್ಟ ಹಳೆಯ ಡೀಸೆಲಿಗೆ ಆ ಭರವಸೆ ಇಲ್ಲ. ಬೇಸಿಗೆಯ ಎಣ್ಣೆಯನ್ನು ಪುಷ್ಯದ ಚಳಿಗೆ ಉಳಿಸಿಕೊಳ್ಳಬಾರದು ಎಂಬುದೇ ಈ ಲೇಖನದ ಮುಖ್ಯ ಸಲಹೆ.

ಮೇಣವೋ, ನೀರೋ?

ಫಿಲ್ಟರು ಕಟ್ಟಿದಾಗಲೆಲ್ಲ ಮೇಣವೇ ಕಾರಣವೆಂದು ತಿಳಿಯಬಾರದು. ನಮ್ಮ ಹವೆಯಲ್ಲಿ ಹೆಚ್ಚು ಕಾಟ ಕೊಡುವುದು ನೀರು. ಅರ್ಧ ಖಾಲಿಯಿರುವ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ತಗಡಿನ ಒಳಮೈ ಮೇಲೆ ಇಬ್ಬನಿಯಾಗಿ ಇಳಿದು ತಳ ಸೇರುತ್ತದೆ. ಡೀಸೆಲ್ ನೀರಿಗಿಂತ ಹಗುರವಾದುದರಿಂದ ನೀರು ಅಡಿಯಲ್ಲೇ ನಿಲ್ಲುತ್ತದೆ. ನೀರು ಮತ್ತು ಎಣ್ಣೆ ಕೂಡುವ ಜಾಗದಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಲಡಾಖಿನಂಥ ಕಡೆ ಇದೇ ನೀರು ಫಿಲ್ಟರಿನಲ್ಲಿ ಮಂಜುಗಡ್ಡೆಯಾಗುತ್ತದೆ.

ಕಾರಣವನ್ನು ಗುರುತಿಸಲು ಸುಲಭ ಪರೀಕ್ಷೆಯೊಂದಿದೆ. ಡ್ರಮ್ಮಿನ ತಳದಿಂದ ಸ್ವಲ್ಪ ಡೀಸೆಲನ್ನು ತಿಳಿಗಾಜಿನ ಬಾಟಲಿಗೆ ತೆಗೆದು, ಬಿರಡೆ ಹಾಕಿ, ರಾತ್ರಿ ಬಯಲಿನಲ್ಲಿಡಿ. ಹೊತ್ತು ಮೂಡುವ ಮೊದಲು ನೋಡಿ. ತಿಳಿಯಾಗಿದ್ದರೆ ಚಳಿಯ ಭಯವಿಲ್ಲ. ಮಬ್ಬಾಗಿದ್ದರೆ ಬಾಟಲಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ. ಮಬ್ಬು ಕರಗಿ ತಳದಲ್ಲಿ ಏನೂ ಉಳಿಯದಿದ್ದರೆ ಅದು ಬಹುಮಟ್ಟಿಗೆ ಮೇಣ. ತಳದಲ್ಲಿ ಹನಿಗಳು ನಿಂತರೆ ನೀರು. ಕಪ್ಪು ಚೂರು, ಲೋಳೆ ಕಂಡರೆ ಡ್ರಮ್ಮನ್ನು ಬರಿದು ಮಾಡಿ ಶುಚಿಗೊಳಿಸುವ ಕಾಲ ಬಂದಿದೆ ಎಂದು ತಿಳಿಯಿರಿ.

ಮುನ್ನೆಚ್ಚರಿಕೆ ಕ್ರಮಗಳು

1. ಡ್ರಮ್ಮಿನ ಮೇಲೆ ಡೀಸೆಲ್ ತುಂಬಿದ ತಿಂಗಳನ್ನು ಬಣ್ಣದಲ್ಲಿ ಬರೆಯಿರಿ. ಬೇಸಿಗೆ, ಮಳೆಗಾಲದ ದಾಸ್ತಾನನ್ನು ದೀಪಾವಳಿಯ ವೇಳೆಗೆ ಬಳಸಿ ಮುಗಿಸಿ. ಉಳಿದಿದ್ದರೆ ಹಗಲಿನ ಕೆಲಸಕ್ಕೆ ಬಳಸಿ.

2. ಕೆಲಸ ಮುಗಿದ ಸಂಜೆಯೇ ಟ್ಯಾಂಕನ್ನು ತುಂಬಿಸಿ. ಗಾಳಿಗೆ ಜಾಗ ಕಡಿಮೆಯಾದರೆ ಇಬ್ಬನಿಯೂ ಕಡಿಮೆ.

3. ಡ್ರಮ್ಮನ್ನು ಮಾಡಿನ ಕೆಳಗೆ, ಮರದ ದಿಮ್ಮಿಯ ಮೇಲೆ, ಸ್ವಲ್ಪ ಓರೆಯಾಗಿ ಇರಿಸಿ. ನೀರು, ಕಸ ತಗ್ಗಿನ ಕಡೆ ಸೇರುತ್ತವೆ. ಎಣ್ಣೆಯನ್ನು ಎತ್ತರದ ಕಡೆಯಿಂದ ತೆಗೆಯಿರಿ. ಎಳೆಯುವ ಕೊಳವೆ ತಳದಿಂದ 7ರಿಂದ 8 ಸೆಂಟಿಮೀಟರ್ ಮೇಲಿರಲಿ. ಡ್ರಮ್ಮನ್ನು ಸರಿಸಿದ ಮೇಲೆ ಒಂದು ದಿನ ಅಲುಗಾಡಿಸದೆ ಬಿಟ್ಟು ಬಳಸಿ.

4. ಸತುವು ಲೇಪಿಸಿದ ತಗಡಿನ ಪಾತ್ರೆಗಳಲ್ಲಿ ಡೀಸೆಲ್ ಸಂಗ್ರಹಿಸಬಾರದು. ಸತುವು ಎಣ್ಣೆಯಲ್ಲಿರುವ ಆಮ್ಲಗಳೊಡನೆ ಸೇರಿ ಸಾಬೂನಿನಂಥ ಅಂಟು ಉಂಟಾಗಿ ಫಿಲ್ಟರಿಗೆ ಅಡ್ಡ ಬರುತ್ತದೆ.

5. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ತಿರುಪನ್ನು ಚಳಿಗಾಲದಲ್ಲಿ ದಿನವೂ ಸಡಿಲಿಸಿ, ತಿಳಿ ಡೀಸೆಲ್ ಬರುವವರೆಗೆ ಹರಿಯಬಿಟ್ಟು ಮತ್ತೆ ಬಿಗಿಯಿರಿ.

6. ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಿಸಿ. ಅರ್ಧ ಕಟ್ಟಿದ ಹಳೆಯ ಫಿಲ್ಟರು ಸ್ವಲ್ಪ ಮೇಣಕ್ಕೇ ಸೋಲುತ್ತದೆ.

7. ಟ್ರ್ಯಾಕ್ಟರನ್ನು ಬಯಲಿನಲ್ಲಿ ನಿಲ್ಲಿಸುವುದಕ್ಕಿಂತ ಕೊಟ್ಟಿಗೆಯ ಪಕ್ಕದಲ್ಲೋ ಗೋಡೆಯ ಮರೆಯಲ್ಲೋ ನಿಲ್ಲಿಸಿ.

ಎಂಜಿನ್ನು ನಿಂತುಹೋದಾಗ

ಸ್ಟಾರ್ಟರನ್ನು ಬಿಡದೆ ಒತ್ತಿ ಬ್ಯಾಟರಿಯನ್ನು ಬಳಲಿಸಬೇಡಿ. ಮೊದಲು ಬಟ್ಟಲಿನ ನೀರನ್ನು ತೆಗೆಯಿರಿ. ಅನಂತರ ಫಿಲ್ಟರು ಮತ್ತು ನಳಿಗೆಗಳಿಗೆ ಬಟ್ಟೆ ಸುತ್ತಿ, ಕೈಗೆ ತಾಳುವಷ್ಟು ಬಿಸಿನೀರನ್ನು ಬಟ್ಟೆಯ ಮೇಲೆ ಮೆಲ್ಲಗೆ ಹುಯ್ಯಿರಿ. ಗಾಜಿನ ಬಟ್ಟಲಿನ ಮೇಲೆ ಕುದಿನೀರು ಸುರಿದರೆ ಬಿರುಕು ಬಿಡುತ್ತದೆ. ವಿದ್ಯುತ್ ತಂತಿಗಳ ಮೇಲೂ ನೀರು ಬೀಳದಿರಲಿ. ಆಮೇಲೆ ಕೈಪಂಪನ್ನು ಒತ್ತಿ, ಗಾಳಿ ಬಿಡುವ ತಿರುಪಿನಿಂದ ಗುಳ್ಳೆಗಳು ನಿಲ್ಲುವವರೆಗೆ ಗಾಳಿ ತೆಗೆದು ಎಂಜಿನ್ನು ಹೊರಡಿಸಿ. ಒಡನೆಯೇ ಭಾರ ಹೇರದೆ ಕೆಲವು ನಿಮಿಷ ನಡೆಯಲು ಬಿಡಿ. ಎಂಜಿನ್ನಿನಿಂದ ಮಿಕ್ಕ ಡೀಸೆಲ್ ಬೆಚ್ಚಗಾಗಿ ಟ್ಯಾಂಕಿಗೆ ಮರಳುವುದರಿಂದ ಕ್ರಮೇಣ ಟ್ಯಾಂಕಿನ ಎಣ್ಣೆಯೂ ಸಡಿಲವಾಗುತ್ತದೆ.

ಮಾಡಬಾರದ ಕೆಲಸಗಳು

ಟ್ಯಾಂಕಿನ ಅಥವಾ ನಳಿಗೆಯ ಕೆಳಗೆ ಪಂಜು, ಸ್ಟೌವು, ಸೌದೆ ಬೆಂಕಿ ಹಿಡಿಯುವುದು ಪ್ರಾಣಕ್ಕೇ ಅಪಾಯ. ಮಾನಕದ ಪ್ರಕಾರ ಡೀಸೆಲಿನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ ಕನಿಷ್ಠ 35 ಡಿಗ್ರಿ. ಬೆಂಕಿ ತಗಲಿದ ತಗಡು ಅದನ್ನು ಗಳಿಗೆಯಲ್ಲಿ ದಾಟುತ್ತದೆ.

ಡೀಸೆಲಿಗೆ ಪೆಟ್ರೋಲ್ ಬೆರೆಸಲೇಬಾರದು. ಸ್ವಲ್ಪ ಪೆಟ್ರೋಲ್ ಸೇರಿದರೂ ಟ್ಯಾಂಕಿನ ಆವಿ ಸಾಮಾನ್ಯ ಹವೆಯಲ್ಲೇ ಕಿಡಿ ಹತ್ತುವಂತಾಗುತ್ತದೆ.

ಸೀಮೆಎಣ್ಣೆ ಬೆರೆಸುವುದು ಹಿಂದಿನ ರೂಢಿ. ಅದು ಮೇಣವನ್ನು ತೆಳುಗೊಳಿಸುವುದು ನಿಜ. ಆದರೆ ಅದಕ್ಕೆ ಜಿಡ್ಡು ಕಡಿಮೆ. ಇಂಜೆಕ್ಷನ್ ಪಂಪಿನ ಒಳಭಾಗಗಳಿಗೆ ಡೀಸೆಲೇ ಜಿಡ್ಡಾದುದರಿಂದ, ಸೀಮೆಎಣ್ಣೆಯಿಂದ ಅವು ಬೇಗ ಸವೆಯುತ್ತವೆ. ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುವ ಈಗಿನ ಎಂಜಿನ್ನುಗಳಿಗೆ ಇದು ಇನ್ನೂ ಹಾನಿಕರ. ಪಡಿತರದ ಸೀಮೆಎಣ್ಣೆಯನ್ನು ಬೆರೆಸುವುದು ಕಾನೂನಿಗೂ ವಿರುದ್ಧ. ಒಂದು ಮುಂಜಾನೆಯ ಅನುಕೂಲಕ್ಕಾಗಿ ಪಂಪನ್ನು ಬಲಿ ಕೊಡುವುದು ಜಾಣತನವಲ್ಲ.

ಹೊಂಗೆ ಎಣ್ಣೆ ಬಳಸುವವರಿಗೆ

ಬದುಗಳಲ್ಲಿ ಹೊಂಗೆ ಬೆಳೆದು ಬೀಜದ ಎಣ್ಣೆಯನ್ನು ಇಂಧನವಾಗಿ ಬಳಸುವ ಪ್ರಯತ್ನಗಳು ನಮ್ಮ ರಾಜ್ಯದಲ್ಲಿ ಗಣನೀಯವಾಗಿ ನಡೆದಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನೇ ಸ್ಥಾಪಿಸಿತು. ಇಂಥ ಇಂಧನ ಬಳಸುವವರು ಚಳಿಗಾಲದಲ್ಲಿ ಹೆಚ್ಚು ಎಚ್ಚರ ವಹಿಸಬೇಕು.

ಹೊಂಗೆ ಎಣ್ಣೆಯಲ್ಲಿ ಓಲಿಯಿಕ್ ಆಮ್ಲದ ಪಾಲು ಹೆಚ್ಚು. ಇದು ತಂಪಿಗೆ ಸುಲಭವಾಗಿ ಗಟ್ಟಿಯಾಗದು. ಆದರೆ ಜೊತೆಗಿರುವ ಪಾಮಿಟಿಕ್, ಸ್ಟಿಯರಿಕ್, ಬೆಹೆನಿಕ್ ಆಮ್ಲಗಳು ಬೇಗ ಹರಳುಗಟ್ಟುತ್ತವೆ. ಗಾಣದಿಂದ ಬಂದ ಹಸಿ ಎಣ್ಣೆ ಡೀಸೆಲಿಗಿಂತ ಸುಮಾರು 10 ಪಟ್ಟು ಮಂದವಾದುದರಿಂದ ಅದನ್ನು ನೇರವಾಗಿ ಟ್ರ್ಯಾಕ್ಟರಿಗೆ ಹಾಕುವುದು ಸಲ್ಲದು. ಮೆಥನಾಲಿನೊಡನೆ ಪರಿವರ್ತಿಸಿದ ಜೈವಿಕ ಡೀಸೆಲನ್ನು ಸಹ ಗ್ಲಿಸರಿನ್ ಉಳಿಯದಂತೆ ಚೆನ್ನಾಗಿ ಬೇರ್ಪಡಿಸಿ ತೊಳೆದು, ತೇವ ತೆಗೆದಿರಬೇಕು. ತಯಾರಕರು ಒಪ್ಪಿದ ಪ್ರಮಾಣವನ್ನು ಮೀರದೆ, ಡಿಸೆಂಬರ್ ಮತ್ತು ಜನವರಿಯಲ್ಲಿ ಆ ಪ್ರಮಾಣವನ್ನೂ ತಗ್ಗಿಸುವುದು ಲೇಸು. ಮೇಲೆ ಹೇಳಿದ ಬಾಟಲಿ ಪರೀಕ್ಷೆಯನ್ನು ಮಿಶ್ರಣಕ್ಕೂ ಮಾಡಿ ನೋಡಬೇಕು.

ಕೊನೆಯ ಮಾತು

ಬಿತ್ತನೆಗೆ ಬೀಜವನ್ನು ಹಂಗಾಮು ನೋಡಿ ಆರಿಸುವ ರೈತ ಬಾಂಧವರು ಯಂತ್ರಕ್ಕೆ ಹಾಕುವ ಎಣ್ಣೆಯಲ್ಲಿಯೂ ಅದೇ ವಿವೇಕವನ್ನು ತೋರಬೇಕು. ಹಂಗಾಮಿಗೆ ತಕ್ಕ ಹೊಸ ಡೀಸೆಲ್, ನೀರಿಲ್ಲದ ಡ್ರಮ್ಮು, ಶುಚಿಯಾದ ಫಿಲ್ಟರು, ಸಂಜೆ ತುಂಬಿದ ಟ್ಯಾಂಕು ಇವು ನಾಲ್ಕೂ ಇದ್ದರೆ ನಮ್ಮ ಚಳಿಗೆ ಎಂಜಿನ್ನು ನಿಲ್ಲುವ ಪ್ರಸಂಗ ಬಹಳ ಅಪರೂಪ. ಇವಕ್ಕೆ ತಗಲುವ ಖರ್ಚು ಅತ್ಯಲ್ಪ. ತಪ್ಪುವ ನಷ್ಟ ಒಂದು ದಿನದ ಸುಗ್ಗಿ.