ಗೂಡಿನ ಬಣ್ಣವೂ ಮನೆತನದ ಗುಣವೂ

"ಮೂಗು ತಂದೆಯದು, ಕಣ್ಣು ಅಜ್ಜಿಯದು" ಎಂದು ತೊಟ್ಟಿಲ ಬಳಿ ನಿಂತ ಹಿರಿಯರು ಹೇಳುವುದನ್ನು ಕೇಳದವರಾರು? ತಾಯಿಯಲ್ಲಿಯೂ ತಂದೆಯಲ್ಲಿಯೂ ಕಾಣದ ಲಕ್ಷಣವು ಅಜ್ಜಿಯಿಂದ ಮೊಮ್ಮಗುವಿಗೆ ಬಂದುದಾದರೂ ಹೇಗೆ? ನಡುವಣ ತಲೆಮಾರಿನಲ್ಲಿ ಅದು ಎಲ್ಲಿ ಅಡಗಿತ್ತು? ಜೀವಶಾಸ್ತ್ರವನ್ನು ಓದುವ ಮಕ್ಕಳು ಇದಕ್ಕೆ ಉತ್ತರವನ್ನು ಪುಸ್ತಕದಿಂದ ಕಲಿಯುತ್ತಾರೆ. ಮೈಸೂರಿನವರಾದ ನಮಗೆ ಅದೇ ಪಾಠವನ್ನು ರೇಷ್ಮೆಯ ಹುಳುವೂ ಹೇಳಿಕೊಡಬಲ್ಲುದು.

ನಮ್ಮ ಸೀಮೆಯ ಹಳೆಯ ರೇಷ್ಮೆಹುಳುವಿಗೆ 'ಮೈಸೂರು ತಳಿ' ಎಂದು ಹೆಸರು. ಇದು ಸೆಕೆಯನ್ನೂ ರೋಗವನ್ನೂ ತಾಳಿಕೊಳ್ಳುವ ಗಟ್ಟಿ ಹುಳು; ಆದರೆ ಗೂಡು ಚಿಕ್ಕದು, ನೂಲು ಕಡಮೆ; ಬಣ್ಣವು ಹಸಿರು ಬೆರೆತ ಹಳದಿ. ದ್ವಿತಳಿಯೆಂಬ ಇನ್ನೊಂದು ಬಗೆಯ ಹುಳುವಿನ ಗೂಡು ದೊಡ್ಡದು, ನೂಲು ಹೆಚ್ಚು. ಆದರೆ ಹುಳು ಬಲು ಸುಕುಮಾರ. 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರು ರೂಪಿಸಿದ ಸಿಎಸ್‌ಆರ್-2 ಎಂಬ ಬಿಳಿಗೂಡಿನ ತಳಿಯು ಈ ಬಗೆಯದು. ಇವೆರಡನ್ನೂ ಕೂಡಿಸಿ ಪಡೆದ ಮಿಶ್ರತಳಿಯನ್ನು ನಮ್ಮ ರೈತರು ಸಾಕುತ್ತಾರೆ. ಚಂದ್ರಿಕೆಯಲ್ಲಿ ಕಟ್ಟಿದ ಅದರ ಗೂಡುಗಳನ್ನು ನೋಡಿದರೆ ಎಲ್ಲವೂ ಹಳದಿ! ಹಾಗಾದರೆ ಬಿಳಿಯ ಬಣ್ಣವು ನಾಶವಾಯಿತೆ? ಇಲ್ಲ. ಆ ಮಿಶ್ರತಳಿಯ ಚಿಟ್ಟೆಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ, ಮುಂದಿನ ಪೀಳಿಗೆಯಲ್ಲಿ ಹಳದಿಯ ನಡುವೆ ಬಿಳಿಯ ಗೂಡುಗಳೂ ತಲೆದೋರುತ್ತವೆ.

ಇದರ ಗುಟ್ಟನ್ನು ಮೊದಲು ಬಿಡಿಸಿದವರು ಯೂರೋಪಿನ ಬ್ರನೋ ನಗರದ ಮಠದಲ್ಲಿದ್ದ ಮೆಂಡೆಲ್ ಎಂಬ ಸನ್ಯಾಸಿ. ಅವರು ಮಠದ ತೋಟದಲ್ಲಿ ಬಟಾಣಿಯನ್ನು ಬೆಳೆದು ಲೆಕ್ಕವಿಟ್ಟರು. ದುಂಡುಕಾಳಿನ ಗಿಡವನ್ನೂ ಸುಕ್ಕುಕಾಳಿನ ಗಿಡವನ್ನೂ ಕೂಡಿಸಿದಾಗ ಬಂದುದೆಲ್ಲವೂ ದುಂಡು. ಅದರ ಮುಂದಿನ ಪೀಳಿಗೆಯಲ್ಲಿ 5,474 ದುಂಡುಕಾಳು, 1,850 ಸುಕ್ಕುಕಾಳು. ಹೆಚ್ಚು ಕಡಮೆ ಮೂರಕ್ಕೆ ಒಂದು. 1866ರಲ್ಲಿ ಪ್ರಕಟವಾದ ಈ ಲೆಕ್ಕಕ್ಕೆ ಲೋಕವು ಕಿವಿಗೊಟ್ಟುದು 1900ರಲ್ಲಿ. ಅಷ್ಟರಲ್ಲಿ ಮೆಂಡೆಲ್ ತೀರಿಕೊಂಡು ಹದಿನಾರು ವರ್ಷಗಳಾಗಿದ್ದುವು. 1906ರಲ್ಲಿ ಜಪಾನಿನ ತೋಯಾಮಾ ಎಂಬ ವಿದ್ವಾಂಸರು ಇದೇ ನಿಯಮವು ರೇಷ್ಮೆಹುಳುವಿಗೂ ಸಲ್ಲುವುದೆಂದು ತೋರಿಸಿದರು.

ನಿಯಮವು ಸರಳವಾದುದು. ಇಂತಹ ಪ್ರತಿಯೊಂದು ಲಕ್ಷಣಕ್ಕೂ ಜೀವಿಯಲ್ಲಿ ಎರಡು ವಂಶವಾಹಿಗಳುಂಟು. ಒಂದು ತಾಯಿ ಕೊಟ್ಟುದು, ಇನ್ನೊಂದು ತಂದೆ ಕೊಟ್ಟುದು. ಎರಡೂ ಬೇರೆ ಬೇರೆಯಾದಲ್ಲಿ ಪ್ರಬಲವಾದುದು ಹೊರಗೆ ಕಾಣುತ್ತದೆ. ದುರ್ಬಲವಾದುದು ಅಡಗಿರುತ್ತದೆ, ಅಳಿಯುವುದಿಲ್ಲ. ಸಂತಾನಕ್ಕೆ ಕೊಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡಲಾಗುತ್ತದೆ. ಅಡಗಿದ್ದ ಎರಡು ದುರ್ಬಲಗಳು ಒಂದೆಡೆ ಸೇರಿದಾಗ ಆ ಲಕ್ಷಣವು ಮತ್ತೆ ಬೆಳಕಿಗೆ ಬರುತ್ತದೆ. ಮಿಶ್ರತಳಿಯ ಗೂಡನ್ನೇ ಬಿತ್ತನೆಗೆ ಉಳಿಸಿಕೊಂಡರೆ ಬಣ್ಣವೂ ಗಾತ್ರವೂ ನೂಲೂ ಚದರಿಹೋಗುತ್ತವೆ. ಒಂದೇ ಸಮನಲ್ಲದ ಗೂಡಿಗೆ ನೂಲು ಬಿಚ್ಚುವವರು ಒಳ್ಳೆಯ ಬೆಲೆ ಕೊಡರು. ಆದುದರಿಂದಲೇ ರೈತನು ಪ್ರತಿ ಬೆಳೆಗೂ ಹೊಸ ಮೊಟ್ಟೆಯನ್ನು ತರುತ್ತಾನೆ.

ಇನ್ನು ಮನೆಯ ಮಾತಿಗೆ ಬರೋಣ. ಮನುಷ್ಯರಲ್ಲಿಯೂ ಇದೇ ನಿಯಮವುಂಟು. ಹುಟ್ಟುಕಿವುಡುತನದ ಹಲವು ಬಗೆಗಳು ದುರ್ಬಲ ಲಕ್ಷಣಗಳು. ಚೆನ್ನಾಗಿ ಕಿವಿ ಕೇಳುವ ತಂದೆತಾಯಿಗಳಿಬ್ಬರೂ ಒಂದೇ ದೋಷವನ್ನು ತಿಳಿಯದೆ ಹೊತ್ತಿರಬಹುದು. ಆಗ ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ಆ ದೋಷವು ಪ್ರಕಟವಾಗುವ ಸಂಭವವು ನಾಲ್ಕರಲ್ಲಿ ಒಂದು. ಮೊದಲನೆಯ ಮಗುವಿಗೆ ಬಂದಿತೆಂದು ಮುಂದಿನ ಮೂವರು ಪಾರಾದರೆಂದು ತಿಳಿಯಬಾರದು. ಪ್ರತಿ ಸಲವೂ ಲೆಕ್ಕವು ಹೊಸದಾಗಿಯೇ ಆರಂಭವಾಗುತ್ತದೆ.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಇಂತಹ ದಂಪತಿಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಪಾಲು ವಂಶವಾಹಿಗಳು ಒಂದೇ ಹಿರಿಯರಿಂದ ಬಂದವು. ಸೋದರತ್ತೆಯ ಮಗನನ್ನೋ ಸೋದರಮಾವನ ಮಗನನ್ನೋ ಮದುವೆಯಾದಲ್ಲಿ ಎಂಟರಲ್ಲಿ ಒಂದು ಪಾಲು. ಆದಕಾರಣ ಅಡಗಿದ ಒಂದೇ ದೋಷವು ಇಬ್ಬರಲ್ಲಿಯೂ ಇರುವ ಸಂಭವವು ಹೊರಗಿನ ಸಂಬಂಧಕ್ಕಿಂತ ಹೆಚ್ಚು. ಹೀಗೆಂದು ಯಾರೂ ಹೆದರಬೇಕಾದುದಿಲ್ಲ. ಇಂತಹ ಮನೆಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ವಂಶದಲ್ಲಿ ಹುಟ್ಟುಕಿವುಡರು ಇದ್ದರೆ, ಇಲ್ಲವೆ ಕಾರಣ ತಿಳಿಯದೆ ಶಿಶುಗಳು ತೀರಿಕೊಂಡಿದ್ದರೆ, ಲಗ್ನಪತ್ರಿಕೆ ಬರೆಸುವ ಮೊದಲು ವೈದ್ಯರ ಸಲಹೆಯನ್ನು ಕೇಳುವುದು ಹಿರಿಯರ ಕರ್ತವ್ಯ. ಮಗುವಿನ ಕಿವಿಯ ವಿಷಯದಲ್ಲಿ ಸಂಶಯ ತೋರಿದರೆ ನಮ್ಮ ಮಾನಸಗಂಗೋತ್ರಿಯಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ಬೇಗನೆ ತೋರಿಸಿದಷ್ಟೂ ಮಗುವಿಗೆ ಮಾತು ಕಲಿಸುವುದು ಸುಲಭ.

ಕಡೆಯದಾಗಿ ಒಂದು ಮಾತು. ಇಂತಹ ಮಗು ಹುಟ್ಟಿದಾಗ ಸೊಸೆಯ ಕಾಲ್ಗುಣವನ್ನು ಹಳಿಯುವ ಮನೆಗಳು ಇನ್ನೂ ಉಂಟು. ಬಿಳಿಯ ಗೂಡು ಬರಬೇಕಾದರೆ ಎರಡು ಕಡೆಯಿಂದಲೂ ಬಿಳಿಯ ಅಂಶವೇ ಬರಬೇಕಷ್ಟೆ. ಅರ್ಧವನ್ನು ಕೊಟ್ಟವನು ತಂದೆ. ಅವನಿಗೆ ಅದನ್ನು ಕೊಟ್ಟವರು ಅವನ ಹಿರಿಯರು. ಯಾರೂ ಬೇಕೆಂದು ಕೊಟ್ಟುದಲ್ಲ. ಇದನ್ನು ತಿಳಿದ ಅತ್ತೆಯು ಸೊಸೆಯ ಮೇಲೆ ತಪ್ಪು ಹೊರಿಸದೆ, ಮಗುವನ್ನು ಎತ್ತಿಕೊಂಡು ಅವಳೊಡನೆ ವೈದ್ಯರಲ್ಲಿಗೆ ಹೊರಡುವಳು.