ದೊಡ್ಡ ಉಸಿರು, ಸಣ್ಣ ಉಸಿರು



ಎದೆಯ ಎಕ್ಸ್‌ರೇ ತೆಗೆಸಿಕೊಂಡವರಿಗೆಲ್ಲ ಆ ಕೋಣೆಯ ಆಜ್ಞೆ ನೆನಪಿರುತ್ತದೆ: "ಉಸಿರು ಎಳೆದುಕೊಳ್ಳಿ, ಇನ್ನೂ ಎಳೀರಿ, ಹಾಗೇ ಹಿಡಿದುಕೊಳ್ಳಿ." ಶ್ವಾಸಕೋಶ ಪೂರ್ತಿ ಹಿಗ್ಗಿದಾಗ ವಪೆ ಕೆಳಗಿಳಿಯುತ್ತದೆ. ಗಾಳಿ ತುಂಬಿದ ಭಾಗ ಕಪ್ಪಾಗಿಯೂ ನೀರು, ಕೀವು, ಗಂಟು ಇರುವ ಭಾಗ ಬಿಳಿಯಾಗಿಯೂ ಕಾಣುತ್ತದೆ. ಅರ್ಧ ಉಸಿರಿನಲ್ಲಿ ತೆಗೆದರೆ ಆರೋಗ್ಯವಂತನ ಎದೆಯೂ ಮಬ್ಬಾಗಿ ಕಂಡು ವೈದ್ಯರನ್ನು ದಾರಿ ತಪ್ಪಿಸಬಹುದು. ವಯಸ್ಕ ಗಂಡಸಿನ ಶ್ವಾಸಕೋಶಗಳು ಹೀಗೆ ಹಿಗ್ಗಿದಾಗ ಸುಮಾರು 6 ಲೀಟರ್ ಗಾಳಿ ಹಿಡಿಯುತ್ತವೆ. ಸುಮ್ಮನೆ ಕುಳಿತಾಗ ನಾವು ಎಳೆದುಕೊಳ್ಳುವುದು ಅರ್ಧ ಲೀಟರಿನಷ್ಟು ಮಾತ್ರ.

ಒಮ್ಮೆ ಐ.ಸಿ.ಯು. ಬಾಗಿಲಲ್ಲಿ ಒಬ್ಬ ಮಗ ನನ್ನನ್ನು ತಡೆದು ಕೇಳಿದ: "ಫಾದರ್, ಎಕ್ಸ್‌ರೇ ತೆಗೆಯುವಾಗ ಅಮ್ಮನ ಹತ್ತಿರ ದೊಡ್ಡ ಉಸಿರು ಕೇಳಿದ್ರು. ಈಗ ವೆಂಟಿಲೇಟರ್ ಬರೀ 290 ಅಂತ ತೋರಿಸ್ತಿದೆ. ಉಸಿರು ಸಾಲದವರಿಗೆ ಜಾಸ್ತಿ ಕೊಡಬೇಕಲ್ವಾ?" ನನಗೂ ಉತ್ತರ ಗೊತ್ತಿರಲಿಲ್ಲ. ಪ್ರಾರ್ಥಿಸೋಣ ಎಂದೆ, ಅವನಿಗೆ ಬೇಕಾಗಿದ್ದುದು ಅದೊಂದೇ ಆಗಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ವೈದ್ಯರು ಕೂಡ ಆ ಮಗನಂತೆಯೇ ಯೋಚಿಸುತ್ತಿದ್ದರು. ತೀವ್ರ ನ್ಯುಮೋನಿಯಾ ಅಥವಾ ರಕ್ತದ ಸೋಂಕಿನಿಂದ ಶ್ವಾಸಕೋಶವೆಲ್ಲ ನೀರು ತುಂಬಿಕೊಂಡವರಿಗೆ ಯಂತ್ರದಿಂದ ದೊಡ್ಡ ದೊಡ್ಡ ಉಸಿರು ಕೊಡುತ್ತಿದ್ದರು. 1980ರ ದಶಕದಲ್ಲಿ ಇಟಲಿಯ ಲುಚಾನೊ ಗಟಿನೋನಿ ಮತ್ತು ಸಂಗಡಿಗರು ಇಂಥ ರೋಗಿಗಳ ಸಿ.ಟಿ. ಸ್ಕ್ಯಾನ್ ತೆಗೆದು ನೋಡಿದಾಗ ಬೇರೆಯೇ ವಿಷಯ ಕಂಡಿತು. ಎಕ್ಸ್‌ರೇಯಲ್ಲಿ ಎಲ್ಲ ಕಡೆಯೂ ಬೆಳ್ಳಗಿದ್ದ ಶ್ವಾಸಕೋಶದಲ್ಲಿ ಬೆನ್ನಿನ ಕಡೆಯ ಭಾಗ ಮುಚ್ಚಿಹೋಗಿತ್ತು. ಎದೆಯ ಮುಂಭಾಗದಲ್ಲಿ ಒಂದು ಚಿಕ್ಕ ತುಂಡು ಮಾತ್ರ ಗಾಳಿಯಾಡುತ್ತಿತ್ತು. ಆ ತುಂಡು ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟಿತ್ತು. ಅದಕ್ಕೆ ಅವರು 'ಬೇಬಿ ಲಂಗ್' ಎಂದೇ ಹೆಸರಿಟ್ಟರು. ಮಗುವಿನಷ್ಟು ಜಾಗಕ್ಕೆ ದೊಡ್ಡವರ ಉಸಿರನ್ನು ಒತ್ತಿ ತುಂಬಿದರೆ ಉಳಿದಿರುವ ಒಳ್ಳೆಯ ಭಾಗವೂ ಹಿಗ್ಗಿ ಹಾಳಾಗದೆ ಇದ್ದೀತೇ?

ಇದಕ್ಕೆ ಸ್ಪಷ್ಟ ಉತ್ತರ ಬಂದದ್ದು 2000ದಲ್ಲಿ, ಅಮೆರಿಕದ 861 ರೋಗಿಗಳ ಅಧ್ಯಯನದಿಂದ. ಒಂದು ಗುಂಪಿಗೆ ಕಿಲೋಗೆ 12 ಮಿಲಿ ಲೀಟರ್, ಇನ್ನೊಂದಕ್ಕೆ 6 ಮಿಲಿ ಲೀಟರ್ ಲೆಕ್ಕದಲ್ಲಿ ಉಸಿರು ಕೊಟ್ಟರು. ದೊಡ್ಡ ಉಸಿರಿನವರಲ್ಲಿ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡರು, ಸಣ್ಣ ಉಸಿರಿನವರಲ್ಲಿ 31. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ತಿರುಗಿಸಿದ್ದು ಒಂದು ಗುಂಡಿ ಮಾತ್ರ.

ಇಲ್ಲಿ ಮನೆಯವರು ತಿಳಿದಿರಬೇಕಾದ ಒಂದು ಮಾತಿದೆ. ಆ ಕಿಲೋ ರೋಗಿಯ ತೂಕದ ಕಿಲೋ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ ಕಿಲೋ. ಮೈ ದಪ್ಪಗಾದರೂ ಶ್ವಾಸಕೋಶ ದೊಡ್ಡದಾಗುವುದಿಲ್ಲವಷ್ಟೆ. 155 ಸೆಂಟಿಮೀಟರ್ ಎತ್ತರದ ಹೆಂಗಸು 75 ಕಿಲೋ ತೂಗಿದರೂ ಲೆಕ್ಕಕ್ಕೆ ಸಿಗುವುದು ಸುಮಾರು 48 ಕಿಲೋ. ಅವರ ಉಸಿರು 290 ಮಿಲಿ ಲೀಟರಿನ ಆಸುಪಾಸು. ತೂಕ ನೋಡಿ ಹಾಕಿದ್ದರೆ 450 ಆಗುತ್ತಿತ್ತು. ಈ ತಪ್ಪಿಗೆ ಹೆಚ್ಚಾಗಿ ಸಿಕ್ಕಿಬೀಳುವವರು ಗಿಡ್ಡಗಿರುವ ಹೆಂಗಸರು, ಅಂದರೆ ನಮ್ಮ ಅಮ್ಮಂದಿರು, ಅಜ್ಜಿಯರು. ಆದ್ದರಿಂದ ನರ್ಸು ಎತ್ತರ ಕೇಳಿದರೆ ಅಂದಾಜು ಹೇಳಬೇಡಿ. ಗೊತ್ತಿಲ್ಲವಾದರೆ ಟೇಪು ಹಿಡಿದು ಅಳೆಯಲು ಹೇಳಿ.

ಸಣ್ಣ ಉಸಿರಿಗೂ ಬೆಲೆಯಿದೆ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಸ್ವಲ್ಪ ಏರುತ್ತದೆ, ಅದಕ್ಕಾಗಿ ಯಂತ್ರ ಬೇಗ ಬೇಗ ಉಸಿರು ಕೊಡುತ್ತದೆ. ಪೂರ್ತಿ ಮುಚ್ಚಿಕೊಂಡ ಬಲೂನನ್ನು ಊದಲು ಮೊದಲ ಉಸಿರೇ ಕಷ್ಟ. ಹಾಗಾಗಿ ಉಸಿರು ಹೊರಬಿಟ್ಟ ಮೇಲೂ ಒಳಗೆ ಸ್ವಲ್ಪ ಒತ್ತಡ ಉಳಿಯುವಂತೆ ಮಾಡುತ್ತಾರೆ.

ಆ ಒತ್ತಡವೇ ಇನ್ನೊಂದು ಗೊಂದಲಕ್ಕೆ ಕಾರಣ. ಹಾಸಿಗೆಯ ಬಳಿಯೇ ತೆಗೆಯುವ ಎಕ್ಸ್‌ರೇಯಲ್ಲಿ ರೋಗಿ ಉಸಿರು ಹಿಡಿಯಲಾರ; ಯಂತ್ರ ಎಷ್ಟು ತುಂಬಿದೆಯೋ ಅಷ್ಟೇ. ನಿನ್ನೆಗಿಂತ ಇಂದು ಒತ್ತಡ ಹೆಚ್ಚಿಸಿದ್ದರೆ, ಕಾಯಿಲೆ ಅಷ್ಟೇ ಇದ್ದರೂ ಚಿತ್ರ ಕಪ್ಪಗೆ, 'ಚೆನ್ನಾಗಿ' ಕಾಣಬಹುದು. ಒತ್ತಡ ಇಳಿಸಿದ ದಿನ ಮತ್ತೆ ಬೆಳ್ಳಗಾಗಬಹುದು. ಎರಡು ಫಿಲ್ಮ್‌ಗಳನ್ನು ಕಿಟಕಿಗೆ ಹಿಡಿದು ಸಂತೋಷಪಡುವ, ಇಲ್ಲವೇ ಅಳುವ ಮನೆಯವರನ್ನು ನಾನು ಕಂಡಿದ್ದೇನೆ. "ಎರಡೂ ದಿನ ಮಶೀನಿನ ಒತ್ತಡ ಒಂದೇ ಇತ್ತೇ ಡಾಕ್ಟ್ರೇ?" ಎಂದು ಕೇಳಿ ನೋಡಿ.

ಇಂಥ ಯಂತ್ರ ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಬರುತ್ತದೆ. 1957ರ ನವೆಂಬರ್ 24ರಂದು ಹನ್ನೆರಡನೇ ಪಿಯೂಸ್ ಜಗದ್ಗುರುಗಳು ಅರಿವಳಿಕೆ ತಜ್ಞರೊಂದಿಗೆ ಮಾತನಾಡುತ್ತಾ, ಜೀವ ಉಳಿಸಲು ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ಅಸಾಧಾರಣವೂ ಭಾರವೂ ಆದ ಉಪಾಯಗಳಿಗೆ ಆ ಕಟ್ಟುಪಾಡಿಲ್ಲ ಎಂದರು. ಅವರ ಮುಂದಿದ್ದ ಪ್ರಶ್ನೆ ಉಸಿರಾಟದ ಯಂತ್ರದ್ದೇ ಆಗಿತ್ತು. ಗುಣವಾಗುವ ಭರವಸೆಯಿರುವ ನ್ಯುಮೋನಿಯಾ ರೋಗಿಗೆ ಕೆಲವು ದಿನ ವೆಂಟಿಲೇಟರ್ ಹಾಕುವುದನ್ನು ಹೆದರಿ ನಿರಾಕರಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಭರವಸೆ ತೀರಿದಾಗಿನ ಮಾತು ಬೇರೆ. ಅದನ್ನು ವೈದ್ಯರೊಡನೆ ಕುಳಿತು ಮಾತನಾಡಬೇಕು.

ರೋಗಿಯನ್ನು ಬೋರಲು ಮಲಗಿಸಿದ್ದರೆ ಗಾಬರಿಯಾಗಬೇಡಿ. ಬೆನ್ನಿನ ಕಡೆ ಮುಚ್ಚಿದ ಭಾಗ ತೆರೆದುಕೊಳ್ಳಲೆಂದು ದಿನಕ್ಕೆ 16 ಗಂಟೆಯಾದರೂ ಹಾಗೆ ಮಲಗಿಸುತ್ತಾರೆ. 2013ರಲ್ಲಿ ಪ್ರಕಟವಾದ, ಹೆಚ್ಚಾಗಿ ಫ್ರಾನ್ಸಿನ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ತೀರಾ ಕಷ್ಟದಲ್ಲಿದ್ದವರ 28 ದಿನಗಳೊಳಗಿನ ಸಾವು ಇದರಿಂದ ನೂರಕ್ಕೆ ಸುಮಾರು 33ರಿಂದ 16ಕ್ಕೆ ಇಳಿಯಿತು. ಆ ಹೊತ್ತಿನಲ್ಲಿ ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ನಮ್ಮನ್ನು ಕರೆದರೆ, ಹಣೆ ಕಾಣಲೆಂದು ರೋಗಿಯನ್ನು ತಿರುಗಿಸಲು ನರ್ಸುಗಳನ್ನು ಒತ್ತಾಯಿಸಬೇಡಿ. ಅಗತ್ಯವಿದ್ದಾಗ ದೇಹದ ಬೇರೆ ಯಾವುದಾದರೂ ಭಾಗಕ್ಕೆ ಒಂದೇ ಸಲ ತೈಲ ಹಚ್ಚಿದರೂ ಸಾಕೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಕೈಯೊಂದು ಸಿಕ್ಕಿದರೆ ನಮಗೆ ಸಾಕು.