ನದಿಯ ಕೆಳಗೊಂದು ನಗರ

ನದಿಯನ್ನು ನೋಡಬೇಕೆಂದರೆ ನಾವು ದಡವನ್ನು ಇಳಿದು ಹೋಗುತ್ತೇವೆ. ಚೀನಾ ದೇಶದ ಕೈಫೆಂಗ್ ನಗರದ ಜನ ಏರಿಯನ್ನು ಹತ್ತಿ ಹೋಗಬೇಕು. ಊರಿನ ಉತ್ತರಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿ ಹ್ವಾಂಗ್ ಹೋ, ಎಂದರೆ ಹಳದಿ ನದಿ, ಹರಿಯುತ್ತದೆ. ನೀರಿನ ಮಾತು ಹಾಗಿರಲಿ, ಆ ನದಿಯ ತಳವೇ ಊರಿನ ಬೀದಿಗಳಿಗಿಂತ ಏಳೆಂಟು ಮೀಟರು ಎತ್ತರದಲ್ಲಿದೆ. ಎರಡಂತಸ್ತಿನ ಮನೆಯ ಮಾಳಿಗೆಯ ಮಟ್ಟದಲ್ಲಿ ಮಹಾನದಿಯೊಂದು ಸಾಗುತ್ತಿರುವುದನ್ನು ವಾಚಕರು ಊಹಿಸಿಕೊಳ್ಳಬಹುದು. ಚೀನೀಯರು ಇದನ್ನು ‘ತೂಗುನದಿ’ ಎಂದು ಕರೆಯುತ್ತಾರೆ.

ಇದು ಪ್ರಕೃತಿಯೂ ಮನುಷ್ಯನೂ ಕೂಡಿ ಮಾಡಿದ ಕೆಲಸ. ಗಾಳಿಯು ಯುಗಯುಗಗಳಿಂದ ಹೊತ್ತು ತಂದು ಪೇರಿಸಿದ ಹಳದಿ ನುಣ್ಮಣ್ಣಿನ ಪ್ರಸ್ಥಭೂಮಿಯನ್ನು ಕೊರೆದುಕೊಂಡು ಬರುವ ಈ ನದಿ, ಹಿಂದೆ ವರ್ಷಕ್ಕೆ ಸುಮಾರು 160 ಕೋಟಿ ಟನ್ನು ಹೂಳನ್ನು ಹೊತ್ತು ತರುತ್ತಿತ್ತು. ಬೆಟ್ಟಗಳನ್ನು ದಾಟಿ ಹೆನಾನ್ ಪ್ರಾಂತದ ಬಯಲಿಗೆ ಇಳಿದೊಡನೆ ಅದರ ವೇಗ ತಗ್ಗುತ್ತದೆ. ಹೂಳು ತಳಕ್ಕೆ ಕೂರುತ್ತದೆ. ನದಿ ಹೊಲಗಳಿಗೆ ನುಗ್ಗದಂತೆ ಜನ ಇಕ್ಕೆಲದಲ್ಲೂ ಏರಿ ಕಟ್ಟಿದರು. ಬಯಲಿಗೆಲ್ಲ ಹರಡಬೇಕಾಗಿದ್ದ ಮಣ್ಣು ಏರಿಗಳ ನಡುವೆಯೇ ನಿಂತಿತು. ತಳ ಏರಿತು, ಏರಿಯನ್ನೂ ಏರಿಸಬೇಕಾಯಿತು. ಈ ಪೈಪೋಟಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದಿದೆ. ನಮ್ಮ ಹಳೆಯ ಭೂಗೋಳ ಪುಸ್ತಕಗಳಲ್ಲಿ ಈ ನದಿಗೆ ‘ಚೀನಾದ ದುಃಖ’ವೆಂಬ ಹೆಸರಿದ್ದುದು ಹಿರಿಯರಿಗೆ ನೆನಪಿರಬಹುದು.

ಇಂಥ ಸ್ಥಳದಲ್ಲಿ ಊರು ಕಟ್ಟಿದವರ ಬುದ್ಧಿಯನ್ನು ಶಂಕಿಸುವ ಮೊದಲು, ಕೈಫೆಂಗಿಗೆ ಮಹತ್ವವನ್ನು ತಂದದ್ದೂ ನೀರೇ ಎಂಬುದನ್ನು ನೆನೆಯಬೇಕು. ದಕ್ಷಿಣದ ಅಕ್ಕಿಯನ್ನು ಹೊತ್ತ ದೋಣಿಗಳು ಬಿಯಾನ್ ಕಾಲುವೆಯ ಮೂಲಕ ನೇರವಾಗಿ ಇಲ್ಲಿಗೆ ಬರುತ್ತಿದ್ದವು. ಆದುದರಿಂದಲೇ ಸುಂಗ್ ವಂಶದ ಅರಸರು 960ರಿಂದ 1127ರವರೆಗೆ ಇದನ್ನು ರಾಜಧಾನಿಯಾಗಿಸಿಕೊಂಡರು. ಆಗ ಇಲ್ಲಿ ಸುಮಾರು 10 ಲಕ್ಷ ಜನರಿದ್ದರೆಂದು ಇತಿಹಾಸಕಾರರ ಅಂದಾಜು. ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಅದೂ ಒಂದಾಗಿತ್ತು.

ಅಂದಿನ ಆಡಳಿತದ ಒಂದು ಕುರುಹು ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ರಾಜಧಾನಿಯ ಆಡಳಿತಾಧಿಕಾರಿಗಳ ಹೆಸರುಗಳನ್ನು ಕೊರೆದ ಶಿಲಾಫಲಕ. ಒಟ್ಟು 183 ಹೆಸರುಗಳು. ಅವುಗಳಲ್ಲಿ ಒಂದು ಮಾತ್ರ ಓದಲು ಬಾರದಷ್ಟು ಸವೆದುಹೋಗಿದೆ. ಅದು ಬಾವ್ ಝಂಗ್ ಎಂಬಾತನ ಹೆಸರು. ನೋಡಲು ಬಂದವರೆಲ್ಲರೂ ತಲೆಮಾರುಗಳಿಂದ ಬೆರಳಿಟ್ಟು ತೋರಿಸಿ ತೋರಿಸಿಯೇ ಅದು ಅಳಿಸಿಹೋಯಿತು! 1057ರಲ್ಲಿ ಅಧಿಕಾರಕ್ಕೆ ಬಂದ ಈತ, ಕಚೇರಿಯ ಮುಂಬಾಗಿಲನ್ನು ತೆರೆಸಿ, ಗುಮಾಸ್ತರ ಕೈ ಬೆಚ್ಚಗೆ ಮಾಡದೆ ಜನ ನೇರವಾಗಿ ತನ್ನ ಮುಂದೆ ದೂರು ಹೇಳುವಂತೆ ಮಾಡಿದನು. ಅರಮನೆಯ ಪ್ರಬಲರು ಹುಯಿಮಿನ್ ಎಂಬ ಕಾಲುವೆಯನ್ನು ಒತ್ತಿ ಉದ್ಯಾನಗಳನ್ನು ಕಟ್ಟಿಕೊಂಡಿದ್ದರು. ನೀರು ಹೋಗಲು ದಾರಿಯಿರಲಿಲ್ಲ. ನಗರದಲ್ಲಿ ನೆರೆ ಬಂದಾಗ ಬಾವ್ ಝಂಗ್ ಆ ಉದ್ಯಾನಗಳನ್ನೆಲ್ಲ ಕೆಡವಿಸಿದನು. ಒಂಬೈನೂರು ವರ್ಷಗಳ ಹಿಂದಿನ ಸಂಗತಿ ನಿಜ; ಆದರೆ ಮಳೆಗಾಲದಲ್ಲಿ ಮನೆಯೊಳಗೆ ನೀರು ಕಂಡ ನಗರವಾಸಿಗಳಿಗೆ ಅದು ಅಷ್ಟು ಹಳೆಯದೆಂದು ತೋರಲಾರದು.

ಆ ಸುಂಗ್ ರಾಜಧಾನಿ ಈಗ ಎಲ್ಲಿದೆ? ಇಂದಿನ ಊರಿನ ಕೆಳಗೆ ಹೂತುಹೋಗಿದೆ. ಮುಖ್ಯ ಬೀದಿಯಾದ ಝೊಂಗ್‌ಷಾನ್ ರಸ್ತೆಯ ಅಡಿಯಲ್ಲಿ ಹಿಂದಿನ ಕಾಲದ ರಸ್ತೆಗಳು ಒಂದರ ಕೆಳಗೊಂದು ಮಲಗಿವೆ; ಅರಸರ ಮೆರವಣಿಗೆ ಸಾಗುತ್ತಿದ್ದ ಬೀದಿ ಸುಮಾರು 8 ಮೀಟರು ಆಳದಲ್ಲಿದೆ. ಅಗೆದು ನೋಡಿದವರು ಆರು ನಗರಗಳು ಒಂದರ ಮೇಲೊಂದು ಕುಳಿತಿವೆಯೆಂದು ಎಣಿಸಿದ್ದಾರೆ. 2018ರಿಂದ 2022ರವರೆಗೆ ನಡೆದ ಉತ್ಖನನದಲ್ಲಿ ಝೌ ಸೇತುವೆಯ ಬಳಿ ಕಾಲುವೆಯ ಕಲ್ಲಿನ ಗೋಡೆ ಹೊರಬಂದಿತು. ಅದರ ಮೇಲೆ ಜಲಾಶ್ವಗಳನ್ನೂ ಕೊಕ್ಕರೆಗಳನ್ನೂ ಮೋಡಗಳನ್ನೂ ಕೆತ್ತಿದ್ದಾರೆ. ನೆಲದ ಮೇಲೆ ಉಳಿದುಕೊಂಡ ಹಳೆಯ ಕಟ್ಟಡಗಳಲ್ಲಿ ಹೆಸರಾದದ್ದು 1049ರಲ್ಲಿ ಕಟ್ಟಿದ ‘ಕಬ್ಬಿಣದ ಗೋಪುರ’. ಅದರಲ್ಲಿ ಕಬ್ಬಿಣವೇನೂ ಇಲ್ಲ. ಮೆರುಗುಬಣ್ಣದ ಇಟ್ಟಿಗೆಗಳು ತುಕ್ಕಿನ ಬಣ್ಣದಲ್ಲಿರುವುದರಿಂದ ಆ ಹೆಸರು. ಹದಿಮೂರು ಅಂತಸ್ತಿನ ಆ ಗೋಪುರದ ಪೀಠವೂ ಹೂಳಿನಲ್ಲಿ ಮುಳುಗಿದೆ.

ಹೂಳುವ ಕೆಲಸದಲ್ಲಿ ಮನುಷ್ಯರ ಕೈಯೂ ಇತ್ತು. 1642ರಲ್ಲಿ ದಂಗೆಯ ನಾಯಕ ಲೀ ಝಿಚೆಂಗ್ ಊರನ್ನು ತಿಂಗಳುಗಟ್ಟಲೆ ಮುತ್ತಿದಾಗ ಏರಿಯನ್ನು ಒಡೆಯಲಾಯಿತು. ಒಡೆದವರು ನೀವೆಂದು ಒಂದು ಪಕ್ಷ, ನೀವೆಂದು ಇನ್ನೊಂದು. ಸತ್ತವರು ಮಾತ್ರ ಮೂರು ಲಕ್ಷದಷ್ಟು ಎಂದು ಲೆಕ್ಕ. ಇಪ್ಪತ್ತು ವರ್ಷಗಳ ಕಾಲ ಊರು ಬಹುಮಟ್ಟಿಗೆ ಪಾಳು ಬಿದ್ದಿತ್ತು. 1841ರಲ್ಲಿ ಏರಿ ಮತ್ತೆ ಒಡೆದು, ನೀರು ಎಂಟು ತಿಂಗಳ ಕಾಲ ಕೋಟೆಯನ್ನು ಸುತ್ತುವರಿದು ನಿಂತಿತು. ಅಫೀಮಿನ ವ್ಯಾಪಾರವನ್ನು ತಡೆದ ತಪ್ಪಿಗೆ ಗಡೀಪಾರಾಗಿ ಪಶ್ಚಿಮದ ಗಡಿಗೆ ಹೊರಟಿದ್ದ ಲಿನ್ ಝೆಷು ಎಂಬ ಅಧಿಕಾರಿಯನ್ನು ದಾರಿಯಲ್ಲಿಯೇ ತಡೆದು, ಒಡಕನ್ನು ಮುಚ್ಚುವ ಕೆಲಸಕ್ಕೆ ಹಚ್ಚಿದರು. ಆತ ಅದನ್ನು ಮುಗಿಸಿಕೊಟ್ಟನು. ಇನ್ನು ಕ್ಷಮೆ ದೊರೆಯುವುದೆಂದು ಹಲವರು ನಂಬಿದ್ದರು. ಕೆಲಸ ಮುಗಿದ ಮೇಲೆ ಅವನನ್ನು ಗಡೀಪಾರಿಗೇ ಕಳುಹಿಸಲಾಯಿತು.

ಮುಂದೆ ಊರಿನ ಪದವಿಯೂ ಇಳಿಯಿತು. ಹೆನಾನ್ ಪ್ರಾಂತದ ರಾಜಧಾನಿಯೆಂಬ ಗೌರವವಾದರೂ ಉಳಿದಿತ್ತು. 1954ರಲ್ಲಿ ಅದೂ ಪಶ್ಚಿಮಕ್ಕೆ 70 ಕಿಲೋಮೀಟರು ದೂರದ ಝೆಂಗ್‌ಝೌವಿಗೆ ಹೋಯಿತು. ಆ ಊರಿಗೆ ಇದ್ದ ಬಲ ಎರಡು ದೊಡ್ಡ ರೈಲುದಾರಿಗಳ ಸಂಗಮ.

ಇಂದು ‘ಕೈಫೆಂಗ್ ನಗರ’ವೆಂದರೆ ಕೋಟೆಯೊಳಗಿನ ಪೇಟೆಯಷ್ಟೇ ಅಲ್ಲ. ಚೀನಾದಲ್ಲಿ ಇಂಥ ನಗರದ ಆಡಳಿತವು ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಹೊಲಗದ್ದೆಗಳೂ ಹಳ್ಳಿಗಳೂ ಅದರೊಳಗೇ ಸೇರಿವೆ. 2020ರ ಜನಗಣತಿಯ 48 ಲಕ್ಷ ಜನರಲ್ಲಿ ರೈತರ ಮನೆಗಳೂ ಉಂಟು. 1983ರಲ್ಲಿ ಸುತ್ತಲಿನ ಐದು ಕೌಂಟಿಗಳನ್ನು ನಗರಕ್ಕೆ ಸೇರಿಸಿದರು. ಅವುಗಳಲ್ಲಿ ಒಂದನ್ನು 2014ರಲ್ಲಿ ಷಿಯಾಂಗ್‌ಫು ಎಂಬ ವಿಭಾಗವಾಗಿಸಿದ್ದರಿಂದ ಈಗ ಐದು ವಿಭಾಗಗಳು, ನಾಲ್ಕು ಕೌಂಟಿಗಳು. ಹೆಸರುಗಳಲ್ಲಿಯೇ ಊರಿನ ಕಥೆಯಿದೆ. ಲುಂಗ್‌ಟಿಂಗ್ ಎಂದರೆ ನಾಗಮಂಟಪ, ಅರಮನೆಯಿದ್ದ ಸ್ಥಳ. ಗುಲೌ ಎಂದರೆ ನಗಾರಿಗೋಪುರ. ಷುನ್‌ಹೆ ಹ್ವೇ ಮುಸಲ್ಮಾನರ ಹೆಸರಿನಲ್ಲಿರುವ ವಿಭಾಗ. ಯುವಾಂಗ್‌ತಾಯ್, ಪ್ರವಾಹವನ್ನು ಪಳಗಿಸಿದನೆಂದು ಪುರಾಣಗಳು ಹೊಗಳುವ ಯು ರಾಜನ ಜಗಲಿ. ಆಡಳಿತಕ್ಕೆ ನಗರಾಧ್ಯಕ್ಷರಿದ್ದಾರೆ, ಆದರೆ ಅವರಿಗಿಂತ ಮೇಲೆ ಕಮ್ಯೂನಿಸ್ಟ್ ಪಕ್ಷದ ಕಾರ್ಯದರ್ಶಿ. ಕೌಂಟಿಗಳಲ್ಲಿಯೂ ಇದೇ ಕ್ರಮ.

ಲಾನ್‌ಕಾವ್ ಕೌಂಟಿಗೆ 1962ರಲ್ಲಿ ಹಾಗೆ ಬಂದ ಕಾರ್ಯದರ್ಶಿ ಜಿಯಾವ್ ಯುಲು. 1855ರಲ್ಲಿ ಹಳದಿ ನದಿ ದಿಕ್ಕು ಬದಲಿಸಿ ಉತ್ತರಕ್ಕೆ ತಿರುಗಿದ್ದು ಈ ಲಾನ್‌ಕಾವ್ ಸೀಮೆಯಲ್ಲಿಯೇ. ಬಿಟ್ಟುಹೋದ ಪಾತ್ರದ ಮರಳು ಗಾಳಿಗೆ ಎದ್ದು ಪೈರನ್ನು ಮುಚ್ಚುತ್ತಿತ್ತು, ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು, ಉಳಿದೆಡೆ ಚೌಳು. ಜನ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೋಗುತ್ತಿದ್ದರು. ಜಿಯಾವ್ ಮರಳುದಿಬ್ಬಗಳ ನಡುವೆ ನಡೆದಾಡಿ, ರೈತರನ್ನು ಕೇಳಿ, ಪಾವ್ಲೋನಿಯ ಮರಗಳನ್ನು ನೆಡಿಸುವ ಕೆಲಸ ಹಿಡಿದರು. ಯಕೃತ್ತಿನ ಕ್ಯಾನ್ಸರ್ ಬಾಧಿಸುತ್ತಿತ್ತು. ನೋವು ತಾಳಲಾರದೆ ಬೆತ್ತದ ಕುರ್ಚಿಯ ಪಕ್ಕಕ್ಕೆ ಗಟ್ಟಿ ವಸ್ತುವೊಂದನ್ನಿಟ್ಟು ಅದಕ್ಕೆ ಒತ್ತಿ ಕೂಡುತ್ತಿದ್ದರಂತೆ. ಕುರ್ಚಿಯಲ್ಲಿ ತೂತು ಬಿದ್ದಿತು. 1964ರ ಮೇ ತಿಂಗಳಲ್ಲಿ, 41ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸರ್ಕಾರ ಅವರನ್ನು ಆದರ್ಶವೆಂದು ದೇಶವಿಡೀ ಸಾರಿತು. ಪ್ರಚಾರದ ಪಾಲನ್ನು ಕಳೆದರೂ ಮರಗಳು ಉಳಿಯುತ್ತವೆ.

ನದಿಯೂ ಈಗ ಹಿಂದಿನಂತಿಲ್ಲ. 1958ರ ಜುಲೈಯಲ್ಲಿ ಸೆಕೆಂಡಿಗೆ 22,300 ಘನಮೀಟರು ನೀರು ಬಂದಾಗ ಕೆಳಪಾತ್ರದ ಏರಿಗಳನ್ನು ಕಾಯಲು ಇಪ್ಪತ್ತು ಲಕ್ಷ ಜನ ನಿಲ್ಲಬೇಕಾಯಿತು. 2001ರಲ್ಲಿ ಮೇಲ್ಭಾಗದ ಷಿಯಾವ್‌ಲಾಂಗ್‌ಡಿ ಅಣೆಕಟ್ಟು ಮುಗಿದ ಮೇಲೆ, ಅಲ್ಲಿಂದ ರಭಸವಾಗಿ ನೀರು ಬಿಟ್ಟು ಕೆಳಗಿನ ಹೂಳನ್ನು ಕೊರೆದು ಸಮುದ್ರಕ್ಕೆ ತಳ್ಳುವ ಏರ್ಪಾಡು 2002ರಿಂದ ನಡೆಯುತ್ತಿದೆ. ತಳ ಸ್ವಲ್ಪ ತಗ್ಗಿದೆ; ಆದರೂ ನದಿ ಇಂದಿಗೂ ಊರಿಗಿಂತ ಮೇಲೆಯೇ ಇದೆ.

ಲಾನ್‌ಕಾವ್‌ನ ಮರಳಿನಲ್ಲಿ ಬೆಳೆದ ಪಾವ್ಲೋನಿಯದ ಹಲಗೆ ಹಗುರ. ನಾದವನ್ನು ಚೆನ್ನಾಗಿ ಹಿಡಿಯುತ್ತದೆ. ಈಗ ಅಲ್ಲಿನ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಕಾರ್ಖಾನೆಗಳಲ್ಲೂ ಆ ಹಲಗೆಯನ್ನು ಉಜ್ಜಿ, ತಂತಿ ಬಿಗಿದು, ಗುಝೆಂಗ್ ಎಂಬ ವಾದ್ಯವನ್ನು ಮಾಡುತ್ತಾರೆ.